ಮರಳುವಷ್ಟು ಉಳಿದಿದೆಯೇ?

ಮದುವೆ ಛತ್ರದ ಮೇಲೆ ಸುತ್ತುತ್ತಿದ್ದ ಡ್ರೋನ್, ಸ್ವಲ್ಪ ಹೊತ್ತಿನಲ್ಲಿ ಯಾರೂ ಹೇಳದೆ ತಾನಾಗಿ ತಿರುಗಿ ಬಂದು ಹೊರಟ ಜಾಗದಲ್ಲೇ ಇಳಿಯುತ್ತದೆ. ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ಅದಕ್ಕೆ ಗೊತ್ತಾಗಿರುತ್ತದೆ. ಈಗ ಇದು ಮಾಮೂಲು ದೃಶ್ಯ. ಆದರೆ ಹೀಗೆ ಮರಳಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ಇನ್ನೆಷ್ಟು ಉಳಿದಿದೆ? ಮನೆ ಎಲ್ಲಿದೆ? ಎರಡನ್ನೂ ಯಂತ್ರವೇ ಉತ್ತರಿಸುವಂತಾಗಲು ದಶಕಗಳೇ ಹಿಡಿದವು.

ಮೊದಲ ಪ್ರಶ್ನೆ ಡ್ರೋನಿಗಿಂತ ಬಹಳ ಹಳೆಯದು. ಸಾಗರ ದಾಟುವ ವಿಮಾನಗಳ ನ್ಯಾವಿಗೇಟರುಗಳು ಕಾಗದದ ಮೇಲೆ ಲೆಕ್ಕ ಹಾಕಿ ದಾರಿಯಲ್ಲೊಂದು ಬಿಂದು ಗುರುತಿಸುತ್ತಿದ್ದರು. ಅದನ್ನು ದಾಟಿದರೆ ಹೊರಟಲ್ಲಿಗೆ ಮರಳಲು ಇಂಧನ ಸಾಲದು. ಟ್ಯಾಂಕು ಅರ್ಧವಾದಾಗ ತಿರುಗಿದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯದು. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಾಗುತ್ತದೆ. ಯುದ್ಧವಿಮಾನಗಳ ಪೈಲಟ್‌ಗಳು ತಿರುಗಲೇಬೇಕಾದ ಇಂಧನದ ಮಟ್ಟವನ್ನು ‘ಬಿಂಗೋ’ ಎನ್ನುತ್ತಾರೆ.

ಆ ಪದ ಚಂದ್ರನವರೆಗೂ ಹೋಯಿತು. 1969ರ ಜುಲೈ 20ರಂದು ‘ಈಗಲ್’ ಇಳಿಯುತ್ತಿದ್ದಾಗ ಇಂಧನ ಕಡಿಮೆಯಾಗಿದೆ ಎಂಬ ದೀಪ ಹೊತ್ತಿತು. ಹ್ಯೂಸ್ಟನ್ನಿನಿಂದ ಚಾರ್ಲಿ ಡ್ಯೂಕ್ 60 ಸೆಕೆಂಡು, ಆಮೇಲೆ 30 ಸೆಕೆಂಡು ಎಂದು ತಿಳಿಸುತ್ತ ಬಂದರು. ಬಿಂಗೋ ಕರೆಗೆ ಉಳಿದಿದ್ದ ಸಮಯ ಅದು. ಕರೆ ಬಂದರೆ ಕೂಡಲೇ ಇಳಿಯಬೇಕು, ಇಲ್ಲವೇ ಇಳಿಯುವುದನ್ನು ಕೈಬಿಟ್ಟು ಮೇಲೇರಬೇಕು. ನೀಲ್ ಆರ್ಮ್‌ಸ್ಟ್ರಾಂಗ್ ಅದಕ್ಕೆ ಮೊದಲೇ ಇಳಿಸಿದರು. ಆದರೆ ದೀಪ ನಿಜಕ್ಕಿಂತ ಬೇಗ ಹೊತ್ತಿತ್ತು ಎಂಬುದು ನಂತರದ ವಿಶ್ಲೇಷಣೆಯಲ್ಲಿ ತಿಳಿಯಿತು. ಟ್ಯಾಂಕಿನಲ್ಲಿ ಇಂಧನ ತುಳುಕಾಡಿ ಸೆನ್ಸರ್ ಮೋಸಹೋಗಿತ್ತು. ಮುಂದಿನ ಯಾನಗಳಲ್ಲಿ ತುಳುಕಾಟ ತಗ್ಗಿಸಲು ಟ್ಯಾಂಕಿನೊಳಗೆ ತಡೆಗಳನ್ನು ಸೇರಿಸಿದರು. ಎಚ್ಚರಿಕೆ ಇದ್ದರೆ ಸಾಲದು, ಅದು ನಂಬುವಂತಿರಬೇಕು.

ಎರಡನೆಯ ಪ್ರಶ್ನೆಗೆ ಉತ್ತರ ಒಂದು ದುರಂತದ ನಂತರ ತೆರೆದುಕೊಂಡಿತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶ ಹೊಕ್ಕ ಕೊರಿಯನ್ ಏರ್‌ಲೈನ್ಸ್ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ 269 ಜನರೂ ಸತ್ತರು. ಅಮೆರಿಕದ ಸೇನೆ ಕಟ್ಟುತ್ತಿದ್ದ ಜಿಪಿಎಸ್ ಅನ್ನು ನಾಗರಿಕರಿಗೂ ಕೊಡುವುದಾಗಿ ಅಧ್ಯಕ್ಷ ರೇಗನ್ ಸರ್ಕಾರ ಘೋಷಿಸಿತು. ಕೊಟ್ಟರೂ ಸಂಕೇತದಲ್ಲಿ ಬೇಕೆಂದೇ ಕಲಬೆರಕೆ ಮಾಡಿದ್ದರು, ಸ್ಥಾನ ಸುಮಾರು 100 ಮೀಟರ್‌ವರೆಗೆ ತಪ್ಪಬಹುದಿತ್ತು. ಹಡಗಿಗೆ ಅದು ನಡೆದೀತು. ಅಂಗಳದಲ್ಲಿ ಇಳಿಯಬೇಕಾದ ಡ್ರೋನ್ ಪಕ್ಕದ ಬೀದಿಯಲ್ಲಿ ಇಳಿದೀತು. 2000ದ ಮೇ 1ರಂದು ಕ್ಲಿಂಟನ್ ಸರ್ಕಾರ ಈ ಕಲಬೆರಕೆ ನಿಲ್ಲಿಸಲು ಆದೇಶಿಸಿತು. ಇಂದಿನ ಡ್ರೋನಿಗೆ ಮನೆಯ ದಾರಿ ತೋರಿಸಿದ್ದರಲ್ಲಿ ಈ ಆದೇಶದ ಪಾಲು ದೊಡ್ಡದು.

2013ರಲ್ಲಿ ಚೀನಾದ ಡಿಜೆಐ ಕಂಪನಿಯ ‘ಫ್ಯಾಂಟಮ್’ ಬಂದಾಗ ಎರಡೂ ಉತ್ತರಗಳು ಸಾಮಾನ್ಯ ಗ್ರಾಹಕನ ಕೈಗೆಟುಕುವ ಒಂದೇ ಯಂತ್ರದಲ್ಲಿ ಸೇರಿದವು. ಒಂದು ಬ್ಯಾಟರಿಗೆ ಹಾರಾಟ 10ರಿಂದ 15 ನಿಮಿಷ. ರಿಮೋಟಿನ ಸಂಪರ್ಕ ಕಡಿದರೆ ಅದು 20 ಮೀಟರ್ ಎತ್ತರಕ್ಕೇರಿ ಹೊರಟಲ್ಲಿಗೆ ಮರಳುತ್ತಿತ್ತು. ಮುಂಬೈ, ಪುಣೆಯ ಎಷ್ಟೋ ಅಪಾರ್ಟ್‌ಮೆಂಟುಗಳು ಅದಕ್ಕಿಂತ ಎತ್ತರ. ನಡುವೆ ಕಟ್ಟಡವಿದ್ದರೆ ಅದು ನೇರ ಗೋಡೆಗೇ ಬಡಿಯಬೇಕು. ಎತ್ತರವನ್ನು ಬಳಕೆದಾರ ನಿಗದಿಮಾಡುವ ಸೌಲಭ್ಯ, ಅಡೆತಡೆ ಗುರುತಿಸುವ ಸೆನ್ಸರ್ ಆಮೇಲೆ ಬಂದವು.

ಬ್ಯಾಟರಿಯ ಅಳತೆಯೂ ಸುಲಭವಲ್ಲ. ಲಿಥಿಯಂ ಪಾಲಿಮರ್ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, 3 ವೋಲ್ಟಿಗಿಂತ ಇಳಿದರೆ ಕೆಡುತ್ತದೆ. ಮೋಟಾರು ಜೋರಾಗಿ ಎಳೆದಾಗ, ಚಳಿ ಹೆಚ್ಚಿದಾಗ ವೋಲ್ಟೇಜು ಥಟ್ಟನೆ ಕುಸಿಯುತ್ತದೆ. ಹೀಗಾಗಿ ತೆರೆಯ ಮೇಲೆ ಕಾಣುವ ಶೇಕಡಾವಾರು ಯಾವಾಗಲೂ ಒಂದು ಅಂದಾಜು. ಎಚ್ಚರಿಕೆಯನ್ನು ಎರಡು ಹಂತ ಮಾಡಿದ್ದು ಇದಕ್ಕಾಗಿಯೇ. ‘ಫ್ಯಾಂಟಮ್ 2’ರಲ್ಲಿ ಮೊದಲನೆಯದು ಶೇ 30ಕ್ಕೆ, ಎರಡನೆಯದು ಶೇ 15ಕ್ಕೆ. ಮುಂದಿನ ಮಾದರಿಗಳು ಉಳಿದ ಶಕ್ತಿಯನ್ನು ಮನೆಯ ದೂರದೊಂದಿಗೆ ತೂಗಿ ನೋಡುತ್ತ, ಮರಳುವ ಹೊತ್ತನ್ನು ತಾವೇ ಹೇಳತೊಡಗಿದವು. ಹಳೆಯ ನ್ಯಾವಿಗೇಟರನ ಲೆಕ್ಕವೇ ಇದು, ಆದರೆ ಹಾರಾಟದುದ್ದಕ್ಕೂ ನಡೆಯುವಂಥದ್ದು. ‘ಫ್ಯಾಂಟಮ್ 3’ರಲ್ಲಿ ಸೂಚನೆ ಬಂದ ಮೇಲೆ ಬೇಡವೆನ್ನಲು ಮನುಷ್ಯನಿಗೆ 10 ಸೆಕೆಂಡು ಕೊಡಲಾಗಿತ್ತು. ಮನೆ ತಲುಪಲೂ ಆಗದಷ್ಟು ಬ್ಯಾಟರಿ ಇಳಿದರೆ ಡ್ರೋನ್ ಇದ್ದಲ್ಲೇ ಇಳಿಯುತ್ತದೆ. ಕೆಳಗಿರುವುದು ಗದ್ದೆಯೋ ಕೆರೆಯೋ ಜನವೋ, ಬ್ಯಾಟರಿಯ ಲೆಕ್ಕದಲ್ಲಿ ಆ ಪ್ರಶ್ನೆ ಇಲ್ಲ.

ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2018ರ ಡಿಸೆಂಬರ್ 1ರಿಂದ ಜಾರಿಗೆ ತಂದ ನಿಯಮ, ನ್ಯಾನೋ ವರ್ಗ ಬಿಟ್ಟು ಮಿಕ್ಕ ಡ್ರೋನುಗಳಿಗೆ ತಾನಾಗಿ ಹಾರಾಟ ನಿಲ್ಲಿಸುವ ವ್ಯವಸ್ಥೆ ಅಥವಾ ಮನೆಗೆ ಮರಳುವ ಸೌಲಭ್ಯ ಇರಬೇಕೆಂದಿತು. ಕೊಳ್ಳುವವನ ಅನುಕೂಲಕ್ಕೆಂದು ಬಂದದ್ದು ಕೆಳಗೆ ನಡೆಯುವವನ ರಕ್ಷಣೆಯ ವಿಷಯವಾಯಿತು.

ಒಂದು ಮಿತಿ ಮಾತ್ರ ಗಮನಿಸಬೇಕು. ಡ್ರೋನಿಗೆ ಮನೆಯೆಂದರೆ ಹಾರುವ ಮುನ್ನ ದಾಖಲಾದ ಅಕ್ಷಾಂಶ, ರೇಖಾಂಶ, ಅಷ್ಟೇ. ದೋಣಿಯಿಂದ ಹಾರಿಸಿ ದೋಣಿ ಮುಂದೆ ಸಾಗಿದರೆ ಅದು ನಿಷ್ಠೆಯಿಂದ ನೀರಿಗೇ ಮರಳುತ್ತದೆ. ಊರು ಬಿಟ್ಟು ವರ್ಷಗಳ ಮೇಲೆ ಹಳೇ ವಿಳಾಸ ಹುಡುಕಿ ಹೋದವರಿಗೆ ಈ ಪಾಡು ಗೊತ್ತು. ಹಾರುವಾಗಲೇ ಮನೆಯ ಬಿಂದುವನ್ನು ಬದಲಿಸುವ ಸೌಲಭ್ಯ ಮುಂದೆ ಬಂತು. ಆದರೆ ದೋಣಿ ಚಲಿಸಿದೆ ಎಂದು ನೆನಪಿಟ್ಟು ಆ ಗುಂಡಿ ಒತ್ತಬೇಕಾದವರು ರಿಮೋಟ್ ಹಿಡಿದವರೇ.