ಮದ್ರಾಸಿನ ರೈಲಿನಿಂದ ಮನೆಯ ಕೋಣೆಗೆ

ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣಕ್ಕೆ ಒಂದು ಕಾಲದಲ್ಲಿ ಮದ್ರಾಸಿನ ರೈಲು ಹತ್ತಬೇಕಿತ್ತು. ಬೆಂಗಳೂರಿನ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯ ಚಾಮುಂಡೇಶ್ವರಿ ಸ್ಟುಡಿಯೋ, ಶಂಕರ್‌ನಾಗ್ 1980ರ ದಶಕದಲ್ಲಿ ಕಟ್ಟಿದ ಸಂಕೇತ್ ಸ್ಟುಡಿಯೋ ಆ ಅಲೆದಾಟ ತಗ್ಗಿಸಿದವು. ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಮಾತ್ರ ದುಬಾರಿ ಯಂತ್ರಗಳ ಕೈಯಲ್ಲೇ ಉಳಿಯಿತು.

2000ರಲ್ಲಿ ಅಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನೆ ಸಾಫ್ಟ್‌ವೇರ್ ಬಂತು, ಮುಂದೆ ಅಗ್ಗದ ರೀಪರ್. ಹಲಸೂರು, ಇಂದಿರಾನಗರದ ಬಾಡಿಗೆ ಕೋಣೆಯಲ್ಲೂ ಮಾಸ್ಟರಿಂಗ್ ಸಾಧ್ಯವಾಯಿತು. ಹಳೆ ಮದ್ರಾಸ್ ರಸ್ತೆಯ ಹಾರ್ನ್ ಬಿಡುವು ಕೊಟ್ಟರೆ!

ಈಗ ಯಾವ ಸಾಫ್ಟ್‌ವೇರ್ ಎಂಬ ಆಯ್ಕೆಯದೇ ಗೋಳು. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಅಬ್ಬರದ ಅಳತೆ) ಮಟ್ಟಕ್ಕೆ ಹೊಂದಿಸುತ್ತದೆ. ಧ್ವನಿಯ ಏರುಗಳನ್ನು ತಡೆಯುವ ಲಿಮಿಟರ್ ಒತ್ತಿ ಅಬ್ಬರ ಹೆಚ್ಚಿಸಿದರೆ ಅದು ಮತ್ತೆ ತಗ್ಗಿಸುತ್ತದೆ; ತಬಲಾದ ಪೆಟ್ಟು ಚಪ್ಪಟೆಯಾದದ್ದಷ್ಟೇ ಲಾಭ. ಹಾಗಾಗಿ ಈ ಮಟ್ಟ ತೋರಿಸುವ ಲೌಡ್‌ನೆಸ್ ಮೀಟರ್ ಇರುವ ಯಾವ ಸಾಫ್ಟ್‌ವೇರಾದರೂ ಸಾಕು. ಉಳಿದ ದುಡ್ಡು ಒಳ್ಳೆಯ ಸ್ಪೀಕರಿಗೆ ಹಾಕುವುದೇ ಲೇಸು.