ಆಮೆಯ ಬೆನ್ನೇರಿ ಬಂದ ಕೋಡಿಂಗ್



ಆರನೇ ತರಗತಿಯ ಸುಮಾರಿಗೆ ಮಕ್ಕಳಿಗೆ ಕೋಡಿಂಗ್ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಕೋಡಿಂಗ್ ಎಂದರೆ ಕಂಪ್ಯೂಟರ್‌ಗೆ ಅರ್ಥವಾಗುವಂತೆ ಹೆಜ್ಜೆ ಹೆಜ್ಜೆಯಾಗಿ ಆಜ್ಞೆ ಬರೆಯುವುದು. "ಇದರಿಂದ ನೌಕರಿ ಸಿಗುತ್ತದೆಯೇ?" ಎಂದು ಪೋಷಕರು ಕೇಳುವುದು ಸಹಜ. ಆದರೆ ಈ ವಿದ್ಯೆಯನ್ನು ಮೊದಲು ಮಕ್ಕಳ ಬಳಿಗೆ ತಂದವರ ಉದ್ದೇಶ ನೌಕರಿಯಾಗಿರಲಿಲ್ಲ.

ಇಂಥ ಕ್ರಮಬದ್ಧ ಹೆಜ್ಜೆಗಳಿಗೆ 'ಅಲ್ಗಾರಿದಮ್' ಎಂಬ ಹೆಸರು ಬಂದದ್ದು 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಝ್ಮಿ ಅವರ ಹೆಸರಿನಿಂದ. ಇದನ್ನು ನಾವು ಪ್ರತಿ ಸಭೆಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ, ಚಪ್ಪಾಳೆಯೂ ಬೀಳುತ್ತದೆ. ಚಪ್ಪಾಳೆಯ ನಂತರ ಏನು ಮಾಡಿದೆವು ಎಂಬುದು ಬೇರೆ ಮಾತು.

1967ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ವಾಲಿ ಫ್ಯೂರ್‌ಜೈಗ್, ಸೆಮೂರ್ ಪೇಪರ್ಟ್ ಮತ್ತು ಸಿಂಥಿಯಾ ಸೊಲೊಮನ್ ಮಕ್ಕಳಿಗಾಗಿಯೇ 'ಲೋಗೋ' ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಪೇಪರ್ಟ್ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದವರು. ಮಗು ಹೇಗೆ ಕಲಿಯುತ್ತದೆ ಎಂಬುದನ್ನು ಜಿನೀವಾದಲ್ಲಿ ಜೀನ್ ಪಿಯಾಜೆ ಅವರ ಜೊತೆಗಿದ್ದು ಅಭ್ಯಾಸ ಮಾಡಿದವರು. 1968-69ರಲ್ಲಿ ಲೆಕ್ಸಿಂಗ್ಟನ್ ಊರಿನ ಶಾಲೆಯೊಂದರಲ್ಲಿ ಏಳನೇ ತರಗತಿಯ ಮಕ್ಕಳು ಲೋಗೋ ಕಲಿತರು.

ಆರಂಭದಲ್ಲಿ ಚಿತ್ರಗಳಿರಲಿಲ್ಲ, ಪದಗಳ ಆಟವಷ್ಟೇ. ಭಾಷಾ ಶಿಕ್ಷಕರಿಗೆ ಇದು ಮುಖ್ಯವಾಗಬೇಕು. ಪೇಪರ್ಟ್ 1980ರ ತಮ್ಮ 'ಮೈಂಡ್‌ಸ್ಟಾರ್ಮ್ಸ್' ಗ್ರಂಥದಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗಿಯ ಪ್ರಸಂಗ ಹೇಳುತ್ತಾರೆ. ಕಂಪ್ಯೂಟರ್ ತಾನೇ ವಾಕ್ಯಗಳನ್ನು ಜೋಡಿಸುವಂತೆ ಮಾಡಲು ಆಕೆ ಪದಗಳನ್ನು ಗುಂಪು ಗುಂಪಾಗಿ ವಿಂಗಡಿಸಬೇಕಾಯಿತು. ಆಗಲೇ ನಾಮಪದ, ಕ್ರಿಯಾಪದ ಏಕೆ ಬೇಕೆಂದು ಆಕೆಗೆ ಹೊಳೆಯಿತು. ಉರ್ದುವಿನಲ್ಲಿ ಇಸ್ಮ್, ಫೇಲ್ ಎಂದು ವರ್ಷಗಟ್ಟಲೆ ಬಾಯಿಪಾಠ ಮಾಡಿಸುವ ನಮಗೆ ಈ ಪ್ರಶ್ನೆಯನ್ನು ಎಷ್ಟು ಮಕ್ಕಳು ಕೇಳಿದ್ದಾರೆ?

ಆಮೇಲೆ ಬಂದದ್ದು ಆಮೆ. ಮೊದಲು ನೆಲದ ಮೇಲೆ ಪೆನ್ನು ಎಳೆಯುತ್ತಾ ಓಡಾಡುವ ಯಂತ್ರ, ಬಳಿಕ ಪರದೆಯ ಮೇಲಿನ ಗುರುತು. 'ಮುಂದೆ 100, ಬಲಕ್ಕೆ 90' ಎಂದು ನಾಲ್ಕು ಸಲ ಹೇಳಿದರೆ ಚೌಕ. ಈ ಬಲ ನಮ್ಮದಲ್ಲ, ಆಮೆಯದು. ಸಮಬಾಹು ತ್ರಿಭುಜಕ್ಕೆ? ಕೋನ 60 ಡಿಗ್ರಿ ಎಂದು ಓದಿದ್ದೇವಲ್ಲ, ಮಗು 60 ಎಂದೇ ಬರೆಯುತ್ತದೆ. ಆಮೆ ಮೂರು ಗೆರೆ ಎಳೆದು ನಿಲ್ಲುತ್ತದೆ, ಆಕೃತಿ ಮುಚ್ಚುವುದೇ ಇಲ್ಲ. ಸಿಕ್ಕಿದ್ದು ಅರ್ಧ ಷಡ್ಭುಜ! ಆಮೆ ತಿರುಗಬೇಕಾದದ್ದು ಹೊರಕೋನದಷ್ಟು, ಅಂದರೆ 120. ಒಂದು ಸುತ್ತು ಮುಗಿಸಲು ಒಟ್ಟು 360 ತಿರುಗಲೇಬೇಕು. ಇದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ತಪ್ಪಿಗೆ ಅಲ್ಲಿ 'ಬಗ್' ಎಂದು ಹೆಸರು. ಬಗ್ ಸಿಕ್ಕರೆ ಹುಡುಕಿ ತಿದ್ದುವುದೇ ಕೆಲಸ. ಕೆಂಪು ಶಾಯಿಯ ಗೆರೆ ಕಂಡ ಮರುದಿನದಿಂದ ಬಾಯಿ ಬಿಡದ ಮಕ್ಕಳು ನಮ್ಮ ತರಗತಿಗಳಲ್ಲಿ ಕೊನೆಯ ಬೆಂಚಿನಲ್ಲಿದ್ದಾರೆ.

ನಮ್ಮ ದೇಶದಲ್ಲಿ 1984ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳು ಬಂದವು. ಯಂತ್ರ ಬಂತು, ಆದರೆ ಆಮೆಯ ಹಿಂದಿದ್ದ ಆ ವಿಚಾರ ಬರಲಿಲ್ಲ. ಅನೇಕ ಕಡೆ ಕಂಪ್ಯೂಟರ್ ಪಾಠವೆಂದರೆ ಇಂದಿಗೂ ಮಾನಿಟರ್, ಕೀಬೋರ್ಡ್ ಚಿತ್ರ ಬರೆದು ಭಾಗಗಳನ್ನು ಹೆಸರಿಸುವುದು. ಪೇಪರ್ಟ್ ಅವರ ಶಿಷ್ಯ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಹೊರತಂದ 'ಸ್ಕ್ರ್ಯಾಚ್' ಉಚಿತ, ಹಲವು ಭಾಷೆಗಳಲ್ಲಿ ಲಭ್ಯ. ಅದರಲ್ಲಿ ಆಜ್ಞೆಗಳನ್ನು ಟೈಪ್ ಮಾಡದೆ ಇಟ್ಟಿಗೆಗಳಂತೆ ಜೋಡಿಸಬಹುದು. ಇಂಗ್ಲಿಷ್ ಕೀಬೋರ್ಡಿಗೆ ಹೆದರುವ ಉರ್ದು ಅಥವಾ ಕನ್ನಡ ಮಾಧ್ಯಮದ ಮಗುವಿಗೆ ಇದು ಸಣ್ಣ ಸಹಾಯವಲ್ಲ.

ಶಾಲೆಯಲ್ಲಿ ಕಂಪ್ಯೂಟರ್ ಇಲ್ಲವೇ? ಅಂಗಳವಿದೆ, ಸೀಮೆಸುಣ್ಣವಿದೆ. ಒಬ್ಬ ವಿದ್ಯಾರ್ಥಿ ಆಮೆಯಾಗಲಿ, ಇನ್ನೊಬ್ಬಳು ಆಜ್ಞೆ ಬರೆಯಲಿ. ಹತ್ತು ಹೆಜ್ಜೆ ಮುಂದೆ, ಬಲಕ್ಕೆ 72 ಡಿಗ್ರಿ, ಹೀಗೆ ಐದು ಸಲ. ಆಮೇಲೆ 72ರ ಜಾಗದಲ್ಲಿ 144 ಇಟ್ಟು ನೋಡಿ. ಏನು ಮೂಡುತ್ತದೆಂದು ಇಲ್ಲಿ ಹೇಳುವುದಿಲ್ಲ.