ಆಕಾಶದ 'ಒಲಿಂಪಿಕ್ಸ್' ವರ್ಲ್ಡ್ ಏರ್ ಗೇಮ್ಸ್: ಈವರೆಗೆ ನಡೆದಿದ್ದು ನಾಲ್ಕೇ ಬಾರಿ! ಇಲ್ಲಿದೆ ಮಾಹಿತಿ

ಹೈದರಾಬಾದ್: ಯಲಹಂಕದ ಏರ್ ಶೋನಲ್ಲಿ ಸೂರ್ಯಕಿರಣ್ ತಂಡದ ಕಸರತ್ತು ನೋಡಿ ಚಪ್ಪಾಳೆ ತಟ್ಟಿದವರು ಅನೇಕರಿದ್ದಾರೆ. ಆದರೆ ಅದು ಪ್ರದರ್ಶನ, ಸ್ಪರ್ಧೆಯಲ್ಲ. ಆಕಾಶದಲ್ಲೂ ಪದಕಕ್ಕಾಗಿ ಪೈಪೋಟಿ ನಡೆಯುತ್ತದೆ. ಹಲವು ವಾಯು ಕ್ರೀಡೆಗಳನ್ನು ಒಂದೇ ಕೂಟದಡಿ ತರುವ ಅಂತಾರಾಷ್ಟ್ರೀಯ ಸ್ಪರ್ಧೆಯೇ ವರ್ಲ್ಡ್ ಏರ್ ಗೇಮ್ಸ್.

ಹಿನ್ನೆಲೆ ಏನು?
ವಾಯು ಕ್ರೀಡೆಗಳ ಜಾಗತಿಕ ಆಡಳಿತ ಸಂಸ್ಥೆಯಾದ ಎಫ್‌ಎಐ 1905ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಗ್ಲೈಡಿಂಗ್ ಅನ್ನು ಪ್ರದರ್ಶನ ಕ್ರೀಡೆಯಾಗಿ ನಡೆಸಲಾಗಿತ್ತು. 1940ರಲ್ಲಿ ಅದು ಪದಕ ಕ್ರೀಡೆಯಾಗಬೇಕಿತ್ತು. ಎರಡನೇ ಮಹಾಯುದ್ಧದಿಂದಾಗಿ ಆ ಒಲಿಂಪಿಕ್ಸೇ ರದ್ದಾಯಿತು. ಆ ಬಳಿಕ ಗ್ಲೈಡಿಂಗ್ ಒಲಿಂಪಿಕ್ಸ್‌ಗೆ ಮರಳಲಿಲ್ಲ. ಕೊನೆಗೆ ಎಫ್‌ಎಐ ತನ್ನದೇ ಕೂಟ ಆರಂಭಿಸಿತು.

ಎಲ್ಲೆಲ್ಲಿ ನಡೆದಿದೆ?
* 1997: ಟರ್ಕಿ
* 2001: ಸ್ಪೇನ್
* 2009: ಇಟಲಿಯ ಟುರಿನ್
* 2015: ದುಬೈ

2020ರ ಕೂಟದ ಆತಿಥ್ಯ ಮತ್ತೆ ಟರ್ಕಿಗೆ ಸಿಕ್ಕಿತ್ತಾದರೂ ಅದು ನಡೆಯಲಿಲ್ಲ.

ಆಯೋಜನೆ ಏಕೆ ಕಷ್ಟ?
ಬಿಸಿಗಾಳಿ ಬಲೂನ್‌ಗೆ ಮುಂಜಾನೆಯ ಶಾಂತ ಗಾಳಿ ಬೇಕು. ಎಂಜಿನ್ ಇಲ್ಲದ ಗ್ಲೈಡರ್ ಎತ್ತರಕ್ಕೇರಲು ಬಿಸಿಲಿಗೆ ಕಾದು ಮೇಲೇಳುವ ಗಾಳಿ ಬೇಕು. ಪ್ಯಾರಾಚೂಟ್ ಜಿಗಿತಕ್ಕೆ ವಿಮಾನ, ತೆರೆದ ಮೈದಾನ ಎರಡೂ ಬೇಕು. ಇವೆಲ್ಲವನ್ನೂ ಒಂದೇ ಕೂಟದಲ್ಲಿ, ಕೆಲವೇ ದಿನಗಳಲ್ಲಿ ಹೊಂದಿಸಬೇಕು. ಜತೆಗೆ ಆ ಪ್ರದೇಶದ ವಿಮಾನ ಸಂಚಾರವನ್ನೂ ನಿಯಂತ್ರಿಸಬೇಕು.

ಭಾರತದ ಸ್ಥಿತಿ
ಭಾರತ ಒಮ್ಮೆಯೂ ಈ ಕೂಟದ ಆತಿಥ್ಯ ವಹಿಸಿಲ್ಲ. ಆದರೆ 2007ರಲ್ಲಿ ಹೈದರಾಬಾದ್‌ನಲ್ಲಿ ನಡೆದ ಸೇನಾ ವಿಶ್ವ ಕ್ರೀಡಾಕೂಟದಲ್ಲಿ ಪ್ಯಾರಾಚೂಟಿಂಗ್ ಕೂಡ ಇತ್ತು. ಲಿಂಗಂಪಲ್ಲಿಗೆ ಸಮೀಪದ ಗಚ್ಚಿಬೌಲಿ ಕ್ರೀಡಾಂಗಣ ಆ ಕೂಟದ ಮುಖ್ಯ ತಾಣವಾಗಿತ್ತು. ಅಲ್ಲಿ ಸ್ಪರ್ಧಿಸಿದವರು ಸೇನಾ ಸಿಬ್ಬಂದಿ ಮಾತ್ರ.

ಸಾಮಾನ್ಯ ಯುವಜನರಿಗೂ ಈ ಕ್ರೀಡೆಗಳನ್ನು ತಲುಪಿಸಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿ ಪ್ರಕಟಿಸಿತು. ಪ್ಯಾರಾಗ್ಲೈಡಿಂಗ್, ಸ್ಕೈಡೈವಿಂಗ್, ಡ್ರೋನ್ ಸೇರಿದಂತೆ 11 ಕ್ರೀಡೆಗಳು ಇದರ ವ್ಯಾಪ್ತಿಗೆ ಬರುತ್ತವೆ. 2030ರ ವೇಳೆಗೆ ಭಾರತವನ್ನು ಈ ಕ್ಷೇತ್ರದ ಅಗ್ರ ರಾಷ್ಟ್ರಗಳ ಸಾಲಿಗೆ ಸೇರಿಸುವುದು ಗುರಿ.

ಮುಂದೇನು?
2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ಯಾರಾಗ್ಲೈಡಿಂಗ್, 2022ರ ಬರ್ಮಿಂಗ್‌ಹ್ಯಾಮ್ ವರ್ಲ್ಡ್ ಗೇಮ್ಸ್‌ನಲ್ಲಿ ಡ್ರೋನ್ ರೇಸಿಂಗ್ ಸ್ಥಾನ ಪಡೆದವು. ಹೀಗಾಗಿ ಏರ್ ಗೇಮ್ಸ್ ನಿಂತರೂ ಪದಕದ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಅಲ್ಲಿಗೆ ಹೋಗಲು ಕೈಗೆಟಕುವ ವೆಚ್ಚದ ತರಬೇತಿ, ಸುರಕ್ಷಿತ ಸಲಕರಣೆ ಬೇಕೇ ಬೇಕು. ನೀತಿ ಕಾಗದದಿಂದ ಮೈದಾನಕ್ಕೆ ಇಳಿದರಷ್ಟೇ ನಮ್ಮ ಯುವಕ, ಯುವತಿಯರು ಆಕಾಶಕ್ಕೆ ಏರಬಲ್ಲರು.